ಆರು ತಿಂಗಳ ಅತಿಥಿಗಳು

ಯುಗಾದಿ ಕಳೆದು ನಮ್ಮ ನಾಡಿನಲ್ಲಿ ಬಿಸಿಲು ಏರತೊಡಗಿ, ಅತ್ತ ಮಿಷಿಗನ್ ಸರೋವರದ ತೀರದಲ್ಲಿ ಹಿಮ ಕರಗಿ ಮರಗಳು ಚಿಗುರುವ ಹೊತ್ತಿಗೆ, ಮೈಸೂರು, ಶಿವಮೊಗ್ಗ, ಧಾರವಾಡ, ಉಡುಪಿಗಳಿಂದ ಹೊರಟ ವಯೋವೃದ್ಧ ದಂಪತಿಗಳು ಶಿಕಾಗೊ ನಗರದ ಓಹೇರ್ ವಿಮಾನನಿಲ್ದಾಣದಲ್ಲಿಯೂ ಡೆಟ್ರಾಯಿಟ್ ನಗರದ ವಿಮಾನನಿಲ್ದಾಣದಲ್ಲಿಯೂ ಬಂದಿಳಿಯುವುದು ಈಗ ಪ್ರತಿವರ್ಷದ ಕ್ರಮವಾಗಿದೆ. ಅವರಲ್ಲಿ ಅನೇಕರು ಗಾಲಿಕುರ್ಚಿಯಲ್ಲಿ ಕುಳಿತು ಬರುವುದನ್ನು ಕಂಡವರು ಇವರ ಕಾಲಿನ ಬಲ ಕುಂದಿರಬಹುದೆಂದು ಭಾವಿಸುವುದು ಸಹಜ. ಕಾಲು ಗಟ್ಟಿಯಾಗಿಯೇ ಇದ್ದರೂ, ಪರಭಾಷೆಯ ಫಲಕಗಳ ನಡುವೆ ದಾರಿ ತಪ್ಪದಂತೆ, ಇಮಿಗ್ರೇಷನ್ ಅಧಿಕಾರಿಯ ಮೇಜಿನವರೆಗೆ ಯಾರಾದರೊಬ್ಬರು ಜೊತೆಗಿರಲಿ ಎಂದು ಟಿಕೆಟ್ಟು ಕೊಳ್ಳುವಾಗಲೇ ಮಕ್ಕಳು ಮಾಡಿಟ್ಟ ಏರ್ಪಾಡು ಅದು. ಆ ಮೇಜಿನ ಮುಂದೆ ಅವರಿಗೆ ಬರುವ ಮುಖ್ಯ ಪ್ರಶ್ನೆಗಳು ಎರಡು: ಏತಕ್ಕೆ ಬಂದಿರಿ, ಎಷ್ಟು ಕಾಲ ಇರುವಿರಿ? ಮೊದಲನೆಯದಕ್ಕೆ ಉತ್ತರ ಹೇಳಲು ಯಾವ ತಾಯಿಯೂ ತಡವರಿಸುವುದಿಲ್ಲ. ಎರಡನೆಯದು ಹಾಗಲ್ಲ, ವಯಸ್ಸು ಎಪ್ಪತ್ತನ್ನು ದಾಟಿದಂತೆಲ್ಲ ಅದು ವೀಸಾದ ಪ್ರಶ್ನೆಯಾಗಿ ಉಳಿಯದೆ, ಮಿಕ್ಕ ಬಾಳನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಯಾಗಿ ಬೆಳೆಯುತ್ತದೆ.

ಮುಪ್ಪನ್ನು ಪರದೇಶದಲ್ಲಿ ಕಳೆಯಬಯಸುವವರಿಗೆಂದೇ ಪ್ರತ್ಯೇಕ ವೀಸಾವನ್ನು ಏರ್ಪಡಿಸಿರುವ ದೇಶಗಳು ಲೋಕದಲ್ಲಿ ಹಲವುಂಟು. ಥಾಯ್ಲೆಂಡ್ 50 ವರ್ಷ ದಾಟಿದವರಿಗೆ ಅಂತಹ ಅವಕಾಶವನ್ನು ಕಲ್ಪಿಸಿದೆ. ಪನಾಮಾ ದೇಶವು ತಿಂಗಳಿಗೆ 1,000 ಡಾಲರ್ ಆಜೀವ ನಿವೃತ್ತಿವೇತನವುಳ್ಳವರನ್ನು ನೆಲಸಗೊಡುತ್ತದೆ. ಮಲೇಷ್ಯಾ 2002ರಿಂದ ಇಂಥದೊಂದು ಯೋಜನೆಯನ್ನು ನಡೆಸುತ್ತ ಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಲ್ಲಾದರೋ ನಿವೃತ್ತರ ವೀಸಾ ಎಂಬುದೇ ಇಲ್ಲ. ಅಲ್ಲಿರುವ ಬಾಗಿಲುಗಳು ಎರಡು: ಒಂದು ಅತಿಥಿಯದು, ಮತ್ತೊಂದು ವಲಸೆಗಾರನದು. ಮನೆ, ತೋಟ, ಬ್ಯಾಂಕಿನ ಖಾತೆ, ಒಡಹುಟ್ಟಿದವರು ಊರಿನಲ್ಲಿ, ಮಗಳು, ಅಳಿಯ, ಮೊಮ್ಮಕ್ಕಳು ಶಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿಯೋ ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿಯೋ ಇರುವಾಗ, ಎರಡು ಕಡೆಗೂ ಸೇರಿದ ಆ ಜೀವಗಳಿಗೆ ಒಪ್ಪುವ ನಡುವಣ ಬಾಗಿಲನ್ನು ಆ ಕಾನೂನು ತೆರೆದಿಲ್ಲ.

ಅತಿಥಿಯ ಬಾಗಿಲು

ಮೊದಲನೆಯದು ಬಿ-2 ಎಂಬ ಸಂದರ್ಶಕರ ವೀಸಾ. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಗೆ ದೊರೆಯುವ ಈ ವೀಸಾ, ಹತ್ತು ವರ್ಷ ಅಲ್ಲಿರಲು ಕೊಟ್ಟ ಅನುಮತಿಯಲ್ಲ. ಬಾಗಿಲವರೆಗೆ ಬರಲು ಕೊಟ್ಟ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ವಿಮಾನನಿಲ್ದಾಣದ ಅಧಿಕಾರಿ ನಿರ್ಧರಿಸಿ, ಐ-94 ಎಂಬ ದಾಖಲೆಯಲ್ಲಿ ನಮೂದಿಸುತ್ತಾನೆ. ಸಾಮಾನ್ಯವಾಗಿ ಅದು ಆರು ತಿಂಗಳು. ತಂದೆತಾಯಿಗಳು ನೆನಪಿನಲ್ಲಿಡತಕ್ಕ ದಿನಾಂಕ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲಿನದಲ್ಲ, ಈ ಐ-94ರದು. ಅಗತ್ಯಬಿದ್ದರೆ ಆ ದಿನಾಂಕ ಮೀರುವುದರೊಳಗೆ ಐ-539 ಅರ್ಜಿಯ ಮೂಲಕ ಇನ್ನೂ ಆರು ತಿಂಗಳನ್ನು ಕೇಳಬಹುದು. ಅನುಮತಿಯಿಲ್ಲದೆ 180 ದಿನಗಳಿಗಿಂತ ಹೆಚ್ಚು ಕಾಲ ಉಳಿದು ಹೊರಟವರಿಗೆ ಮೂರು ವರ್ಷವೂ, ಒಂದು ವರ್ಷ ಅಥವಾ ಅದಕ್ಕೂ ಮೀರಿ ಉಳಿದವರಿಗೆ ಹತ್ತು ವರ್ಷವೂ ಮರುಪ್ರವೇಶವನ್ನು ನಿಷೇಧಿಸುವ ಕಾನೂನು 1996ರಲ್ಲಿ ಬಂದಿತು. ಎಪ್ಪತ್ತೈದರ ವಯಸ್ಸಿನಲ್ಲಿ ಹತ್ತು ವರ್ಷದ ನಿಷೇಧವೆಂದರೆ ಮೊಮ್ಮಕ್ಕಳ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆಯೇ ಸರಿ.

ವಿಧಿಯೋ ಋತುಧರ್ಮವೋ, ಈ ಆರು ತಿಂಗಳ ಅವಧಿ ಅಲ್ಲಿಯ ಹವೆಗೆ ಒದಗಿ ಬರುತ್ತದೆ. ಏಪ್ರಿಲ್‌ನಲ್ಲಿ ಬಂದವರು ದೀಪಾವಳಿಯ ಸುಮಾರಿಗೆ, ಮೊದಲ ಹಿಮ ಬೀಳುವ ಮುನ್ನ, ಹಿಂದಿರುಗುತ್ತಾರೆ. ಬಾಣಂತನಕ್ಕೆಂದು ಬಂದ ತಾಯಿಗೆ ಮಾತ್ರ ಋತುವಿನ ಆಯ್ಕೆಯಿಲ್ಲ. ಕೂಸು ಜನವರಿಯಲ್ಲಿ ಹುಟ್ಟಿದರೆ ಶೂನ್ಯಕ್ಕಿಂತ ಕೆಳಗಿಳಿದ ಚಳಿಯಲ್ಲಿಯೇ ಆಕೆ ಖಾರದ ಪುಡಿ, ಬಾಣಂತಿ ಲೇಹ್ಯ, ಮೆಣಸಿನ ಸಾರುಗಳ ಉಪಚಾರವನ್ನು ನಡೆಸಬೇಕು. ಅನೇಕ ಮನೆಗಳಲ್ಲಿ ಮಗಳ ತಾಯಿ ಆರು ತಿಂಗಳು ಇದ್ದು ಹೊರಟ ಮೇಲೆ ಬೀಗಿತ್ತಿ ಬಂದು ಮುಂದಿನ ಆರು ತಿಂಗಳು ಮಗುವನ್ನು ಎತ್ತಿ ಆಡಿಸುವಂತೆ, ಎರಡು ಮನೆತನಗಳೂ ಸರದಿಯನ್ನು ಗೊತ್ತುಮಾಡಿಕೊಂಡಿರುತ್ತವೆ.

ಈ ಬಾಗಿಲಿನ ದೊಡ್ಡ ಕೊರತೆ ಆರೋಗ್ಯದ್ದು. ಸಂದರ್ಶಕರಿಗೆ ದೊರೆಯುವ ವಿಮೆಯಲ್ಲಿ ಹಿಂದಿನಿಂದ ಇದ್ದ ಕಾಯಿಲೆಗಳಿಗೆ ಪೂರ್ಣ ರಕ್ಷಣೆ ದೊರೆಯುವುದು ದುರ್ಲಭ. ಮುಪ್ಪಿನ ಕಾಯಿಲೆಗಳಾದರೋ ಬಹುಮಟ್ಟಿಗೆ ಹಿಂದಿನಿಂದ ಬಂದವುಗಳೇ. ಆದುದರಿಂದಲೇ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಆರು ತಿಂಗಳಿಗಾಗುವಷ್ಟು ಲೆಕ್ಕಹಾಕಿ, ಬೆಳಗಿನದು, ರಾತ್ರಿಯದು ಎಂದು ಬೇರೆಬೇರೆ ಕಟ್ಟಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಂಡು ಬರುವುದು ಈ ಪ್ರಯಾಣಿಕರ ಅಲಿಖಿತ ನಿಯಮವಾಗಿದೆ.

ವಲಸೆಗಾರನ ಬಾಗಿಲು

ಎರಡನೆಯ ಬಾಗಿಲು ಗ್ರೀನ್ ಕಾರ್ಡು, ಎಂದರೆ ಕಾಯಂ ನಿವಾಸದ ಪರವಾನಗಿ. 1965ರ ವಲಸೆ ಕಾನೂನು ಅಮೆರಿಕದ ಪ್ರಜೆಗಳ ತಂದೆತಾಯಿಗಳನ್ನು ವಾರ್ಷಿಕ ಸಂಖ್ಯಾಮಿತಿಯ ಹೊರಗೆ, ನಿಕಟ ಬಂಧುಗಳ ವರ್ಗದಲ್ಲಿ ಇರಿಸಿತು. ಆದರೆ ಅರ್ಜಿ ಹಾಕತಕ್ಕವರು 21 ವರ್ಷ ತುಂಬಿದ ಪ್ರಜೆಗಳೇ ಆಗಿರಬೇಕು; ಮಗನಿಗೆ ಗ್ರೀನ್ ಕಾರ್ಡು ಇದ್ದ ಮಾತ್ರಕ್ಕೆ ತಂದೆಯನ್ನು ಕರೆಸಿಕೊಳ್ಳುವಂತಿಲ್ಲ. ಉದ್ಯೋಗಮೂಲಕ ದೊರೆಯುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮವಿರುವುದರಿಂದ, ಡೆಟ್ರಾಯಿಟ್‌ನ ಮೋಟಾರು ಕಂಪನಿಗಳ ಎಂಜಿನಿಯರುಗಳೂ ಶಿಕಾಗೊ ಸುತ್ತಣ ಶಾಮ್‌ಬರ್ಗ್, ಅರೋರಾಗಳ ಸಾಫ್ಟ್‌ವೇರ್ ಉದ್ಯೋಗಿಗಳೂ ಹಲವು ವರ್ಷಗಳಿಂದ ಸರತಿಯಲ್ಲಿ ನಿಂತಿದ್ದಾರೆ; ಮಕ್ಕಳು ಪ್ರಜೆಗಳಾಗುವಷ್ಟರಲ್ಲಿ ತಂದೆತಾಯಿಗಳ ವಯಸ್ಸು ಎಂಬತ್ತನ್ನು ಮುಟ್ಟುವುದೂ ಉಂಟು.

ಪ್ರಜೆಯಾದ ಮಗನು ತಂದೆಗೊಂದು, ತಾಯಿಗೊಂದು, ಹೀಗೆ ಎರಡು ಪ್ರತ್ಯೇಕ ಐ-130 ಅರ್ಜಿಗಳನ್ನು ಸಲ್ಲಿಸಬೇಕು. ದಾಖಲೆಗಳ ಕಷ್ಟ ಆಗ ತಿಳಿಯುತ್ತದೆ. ಸ್ವಾತಂತ್ರ್ಯದ ಆಚೀಚೆಗೆ ಹಳ್ಳಿಯ ಮನೆಯಲ್ಲಿ ಹುಟ್ಟಿದವರಿಗೆ ಜನನದ ನೋಂದಣಿ ಎಲ್ಲಿಯದು? ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದುಕೊಂಡ ತಾರೀಖೇ ಬಾಳಿನುದ್ದಕ್ಕೂ ಜನ್ಮದಿನವಾಗಿ ನಿಂತಿರುತ್ತದೆ. ಆಗ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ಕಚೇರಿಯಿಂದ ಪಡೆದು, ಅದರೊಡನೆ ಹಿರಿಯ ಬಂಧುಗಳ ಅಫಿಡವಿಟ್ಟನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಜೋಡಿಸಬೇಕು. ಮದುವೆ ನೋಂದಣಿಯಾಗಿಲ್ಲದಿದ್ದರೆ ಹಳೆಯ ಪೆಟ್ಟಿಗೆಯಿಂದ ಲಗ್ನಪತ್ರಿಕೆಯನ್ನು ಹುಡುಕಿ ತೆಗೆಯಬೇಕು. ಇದಲ್ಲದೆ, ಸರ್ಕಾರ ಗೊತ್ತುಮಾಡಿದ ಬಡತನದ ಮಟ್ಟದ ಶೇಕಡ 125ಕ್ಕೆ ಕಡಮೆಯಿಲ್ಲದ ವರಮಾನವುಳ್ಳ ಮಗನು, ತಂದೆತಾಯಿಗಳ ಪೋಷಣೆಯ ಹೊಣೆ ತನ್ನದೆಂದು ಐ-864 ಪತ್ರದಲ್ಲಿ ಬರೆದುಕೊಡಬೇಕು. ಆ ಹೊಣೆ ಬಹುಕಾಲ ನಿಲ್ಲುವಂಥದು.

ಕಾರ್ಡು ಕೈಗೆ ಬಂದಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯುವ ಕುಟುಂಬಗಳೇ ಹೆಚ್ಚು. ವಾಸ್ತವದಲ್ಲಿ ಹೊಸ ಹೊಣೆಗಳು ಅಲ್ಲಿಂದಲೇ ಆರಂಭವಾಗುತ್ತವೆ. ಕಾರ್ಡುಳ್ಳವನು ಕಾನೂನಿನ ದೃಷ್ಟಿಯಲ್ಲಿ ಅಮೆರಿಕದ ನಿವಾಸಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಊರಿನಲ್ಲಿ ನಿಂತರೆ ಹಿಂದಿರುಗುವಾಗ ಪ್ರಶ್ನೆಗಳು ಏಳುತ್ತವೆ. ಮರುಪ್ರವೇಶದ ಪರವಾನಗಿಯನ್ನು ಮೊದಲೇ ಪಡೆಯದೆ ಒಂದು ವರ್ಷ ಮೀರಿದರೆ ಕಾರ್ಡೇ ಕೈತಪ್ಪಬಹುದು. ಮೈಸೂರಿನ ಮನೆಯ ಬಾಡಿಗೆ, ಠೇವಣಿಯ ಬಡ್ಡಿ ಮುಂತಾದ ಸಕಲ ವರಮಾನವನ್ನೂ ಅಮೆರಿಕದ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕು. ಊರಿನ ಬ್ಯಾಂಕುಗಳಲ್ಲಿರುವ ಮೊತ್ತವೆಲ್ಲ ಕೂಡಿ ವರ್ಷದ ಯಾವುದೇ ದಿನ 10,000 ಡಾಲರನ್ನು ಮೀರಿದ್ದರೆ ಅದನ್ನು ಪ್ರತ್ಯೇಕವಾಗಿ ವರದಿಮಾಡಬೇಕು. ನಿವೃತ್ತ ಅಧ್ಯಾಪಕರೊಬ್ಬರು ಜೀವಮಾನವೆಲ್ಲ ದುಡಿದು ಕೂಡಿಟ್ಟ ಠೇವಣಿಗೆ ಈ ಲೆಕ್ಕ ಅನ್ವಯಿಸುತ್ತದೆಂಬುದು, ಬಹಳಷ್ಟು ವೇಳೆ, ಕಾರ್ಡು ಬಂದು ಎರಡು ಮೂರು ವರ್ಷಗಳಾದ ಮೇಲೆ ಮನೆಯವರ ಅರಿವಿಗೆ ಬರುತ್ತದೆ.

ವೈದ್ಯಕೀಯ ನೆರವಿನ ಮಾತಿಗೆ ಬಂದರೆ, 65 ದಾಟಿದ ಕಾರ್ಡುದಾರರು ಸತತವಾಗಿ ಐದು ವರ್ಷ ಅಲ್ಲಿ ನೆಲಸಿದ ಬಳಿಕವಷ್ಟೇ ಹಣ ತೆತ್ತು ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯನ್ನು ಸೇರಬಹುದು. ಅಲ್ಲಿ ದುಡಿದಿಲ್ಲದವರಿಗೆ ಆಸ್ಪತ್ರೆಯ ಭಾಗಕ್ಕೆ 2025ರಲ್ಲಿ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್, ಇದು ಒಬ್ಬೊಬ್ಬರಿಗೆ. ಮಗನ ದುಡಿಮೆಯ ವರ್ಷಗಳು ತಂದೆಯ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲ ಐದು ವರ್ಷಗಳಿಗೆ ಖಾಸಗಿ ವಿಮೆಯನ್ನೇ ಕೊಳ್ಳಬೇಕು. ಇವೆಲ್ಲವನ್ನೂ ದಾಟಿ ನೆಲೆನಿಂತವರಿಗೆ ಕಾನೂನು ಒಂದು ಸೌಜನ್ಯವನ್ನೂ ತೋರಿದೆ: 55 ವರ್ಷ ದಾಟಿ, 15 ವರ್ಷ ಕಾರ್ಡುದಾರರಾಗಿದ್ದವರು ಪ್ರಜೆಗಳಾಗಬಯಸಿದರೆ ಇಂಗ್ಲಿಷ್ ಪರೀಕ್ಷೆಯಿಲ್ಲ, ಅಮೆರಿಕದ ಚರಿತ್ರೆಯನ್ನೂ ರಾಜ್ಯವ್ಯವಸ್ಥೆಯನ್ನೂ ಕುರಿತ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲಿಯೇ ಉತ್ತರ ಹೇಳಬಹುದು.

ಹೊಳೆಯ ಆಚೆಯ ದಡ

ನಡುವಣ ಬಾಗಿಲು ಅಸಾಧ್ಯವೇನಲ್ಲ ಎಂಬುದಕ್ಕೆ ನಿದರ್ಶನ ಡೆಟ್ರಾಯಿಟ್ ನಗರದ ಕಣ್ಣೆದುರಿಗೇ ಇದೆ. ನಗರದ ಅಂಚಿನಲ್ಲಿ ಹರಿಯುವ ಡೆಟ್ರಾಯಿಟ್ ನದಿಯ ಆಚೆಯ ದಡದಲ್ಲಿರುವುದು ಕೆನಡಾ ದೇಶದ ವಿಂಡ್ಸರ್ ನಗರ. 1929ರಲ್ಲಿ ಸಂಚಾರಕ್ಕೆ ತೆರೆದ ಅಂಬಾಸಡರ್ ಸೇತುವೆ ಎರಡನ್ನೂ ಬೆಸೆದಿದೆ. ಆ ದೇಶವು 2011ರ ಡಿಸೆಂಬರ್‌ನಲ್ಲಿ ತಂದೆತಾಯಿಗಳಿಗಾಗಿ ಮತ್ತು ಅಜ್ಜ ಅಜ್ಜಿಯರಿಗಾಗಿ ಸೂಪರ್ ವೀಸಾ ಎಂಬುದೊಂದನ್ನು ಜಾರಿಗೆ ತಂದಿತು. ಮೊದಲು ಒಂದು ಭೇಟಿಗೆ ಎರಡು ವರ್ಷವಿದ್ದ ಅವಧಿಯನ್ನು 2022ರ ಜುಲೈಯಲ್ಲಿ ಐದು ವರ್ಷಕ್ಕೆ ಏರಿಸಲಾಯಿತು. ಮಕ್ಕಳು ಪ್ರಜೆಗಳೇ ಆಗಿರಬೇಕೆಂದಿಲ್ಲ, ಕಾಯಂ ನಿವಾಸಿಗಳಾದರೂ ಸಾಕು. ಅವರಿಗೆ ತಕ್ಕ ವರಮಾನವಿರಬೇಕು, ಬರುವವರಿಗೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆಯಿರಬೇಕು. ಷರತ್ತುಗಳಲ್ಲಿ ಮುಖ್ಯವಾದವು ಇವು. ವಲಸೆ ಬರಬೇಕೆಂಬ ಒತ್ತಾಯವೂ ಇಲ್ಲ, ಆರು ತಿಂಗಳಿಗೊಮ್ಮೆ ಗಂಟು ಕಟ್ಟುವ ಆಯಾಸವೂ ಇಲ್ಲ. ಸರ್ಕಾರದ ಬೊಕ್ಕಸಕ್ಕೆ ವೈದ್ಯಕೀಯ ಭಾರವೂ ಬೀಳದಂತೆ ಕಟ್ಟಿದ ವ್ಯವಸ್ಥೆ ಅದು.

ಮರಳಿ ಬರುವವರು

ಎದುರು ದಿಕ್ಕಿನ ಪ್ರಯಾಣಕ್ಕೆ ಹೊರಟ ಹಿರಿಯರೂ ಇದ್ದಾರೆ. 1965ರ ಕಾನೂನಿನ ಬಳಿಕ ಅಲ್ಲಿ ನೆಲಸಿ ಅಮೆರಿಕದ ಪ್ರಜೆಗಳಾದ ವೈದ್ಯರು, ಎಂಜಿನಿಯರುಗಳು ವಯಸ್ಸಾದ ಮೇಲೆ ತಾಯ್ನಾಡಿನಲ್ಲಿ ದೀರ್ಘಕಾಲ ಇರಬಯಸಿದರೆ ಅವರಿಗೆ ದಾರಿ ಒಸಿಐ (ಭಾರತದ ಸಾಗರೋತ್ತರ ಪ್ರಜೆ) ಕಾರ್ಡು. 2005ರಲ್ಲಿ ಆರಂಭವಾದ ಈ ವ್ಯವಸ್ಥೆ ಆಜೀವ ವೀಸಾವನ್ನು ಕೊಡುತ್ತದೆ. 1999ರಿಂದ ಇದ್ದ ಪಿಐಒ (ಭಾರತೀಯ ಮೂಲದ ವ್ಯಕ್ತಿ) ಕಾರ್ಡು 2015ರ ಜನವರಿಯಲ್ಲಿ ಇದರಲ್ಲಿಯೇ ಲೀನವಾಯಿತು. ಇಲಿನಾಯ್ ಮತ್ತು ಮಿಷಿಗನ್ ರಾಜ್ಯಗಳೆರಡಕ್ಕೂ ಶಿಕಾಗೊದಲ್ಲಿರುವ ಭಾರತದ ಕಾನ್ಸುಲೇಟೇ ಆಧಾರ. ಒಸಿಐ ಪಡೆದವರು ಮತ ಹಾಕುವಂತಿಲ್ಲ, ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಮಾತ್ರ ಉಳಿಸಿಕೊಳ್ಳಬಹುದು. ದುಡಿದು ಗಳಿಸಿದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಅಮೆರಿಕದ ಪ್ರಜೆಗಳಿಗೆ ಭಾರತದಲ್ಲಿದ್ದರೂ ಬರುತ್ತದೆ. ಮೆಡಿಕೇರ್ ಮಾತ್ರ ಇಲ್ಲಿಯ ಆಸ್ಪತ್ರೆಗಳ ವೆಚ್ಚವನ್ನು ತೆರುವುದಿಲ್ಲ. ಇಷ್ಟು ಮಿತಿಗಳಿದ್ದರೂ, ತನ್ನನ್ನು ಬಿಟ್ಟುಹೋದ ಮಕ್ಕಳಿಗೆ ಭಾರತವು ಜೀವಾವಧಿಯ ಬಾಗಿಲನ್ನು ತೆರೆದಿರಿಸಿದೆಯೆಂಬುದು ಚಿಂತನಾರ್ಹವಾದ ಸಂಗತಿ.

ಮೊದಲು ಕೇಳಬೇಕಾದ ಮಾತು

ಈ ದಾರಿಗಳಲ್ಲಿ ಯಾವುದು ಮೇಲೆಂದು ಎಲ್ಲರಿಗೂ ಒಂದೇ ಉತ್ತರವನ್ನು ಹೇಳಲಾಗದು. ಸಂಗಾತಿಯನ್ನು ಕಳೆದುಕೊಂಡು ಊರಿನಲ್ಲಿ ನೋಡುವವರಿಲ್ಲದ ತಾಯಿಗೆ ಗ್ರೀನ್ ಕಾರ್ಡೇ ಆಶ್ರಯವಾಗಬಹುದು. ದೇವಸ್ಥಾನದ ಜಗಲಿ, ಬೆಳಗಿನ ನಡಿಗೆಯ ಗೆಳೆಯರು, ಕೂಗಳತೆಯಲ್ಲಿ ತಮ್ಮನ ಮನೆ ಇರುವ ದಂಪತಿಗಳಿಗೆ ವರ್ಷಕ್ಕೆ ಕೆಲವು ತಿಂಗಳ ಅತಿಥಿಧರ್ಮವೇ ಸುಖ. ಕಾರು ನಡೆಸಲಾರದವರಿಗೆ ನೇಪರ್‌ವಿಲ್, ನೋವೈಗಳಂತಹ ಉಪನಗರಗಳಲ್ಲಿ ಹಾಲು ತರಲೂ ಮಗನ ಬಿಡುವನ್ನು ಕಾಯಬೇಕಾಗುತ್ತದೆ. ಶನಿವಾರ, ಭಾನುವಾರಗಳಂದು ಲೆಮಾಂಟಿನ ದೇವಾಲಯಕ್ಕೋ ಟ್ರಾಯ್‌ನ ಭಾರತೀಯ ದೇವಾಲಯಕ್ಕೋ ಹೋದಾಗ ಸಿಕ್ಕುವ ಕನ್ನಡದ ನಾಲ್ಕು ಮಾತುಗಳಿಂದ ಉಳಿದ ಐದು ದಿನಗಳನ್ನು ತುಂಬಬೇಕಾಗುತ್ತದೆ. ಈ ಕಷ್ಟವನ್ನು ಮಕ್ಕಳ ಮುಖ ನೋಡಿ ಸಹಿಸಬಲ್ಲೆನೋ ಇಲ್ಲವೋ ಎಂಬುದನ್ನು ಅನುಭವಿಸುವವರೇ ಹೇಳಬೇಕು. ಆದರೆ ನಡೆಯುವುದೇನೆಂದರೆ, ಪ್ರಜೆಯಾದೊಡನೆ ಅರ್ಜಿ ಹಾಕುವುದು ಮಗನ ಕರ್ತವ್ಯವೆಂದು ಎಲ್ಲರೂ ಎಣಿಸುತ್ತಾರೆ; ತಂದೆಯನ್ನು ಯಾರೂ ಕೇಳುವುದಿಲ್ಲ; ಮಗನ ಮನಸ್ಸು ನೋಯಬಾರದೆಂದು ತಂದೆಯೂ ಹೇಳುವುದಿಲ್ಲ.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವೂ ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟವೂ ತಮ್ಮ ಊರುಗಳಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿವೆ. 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಶಿಕಾಗೊ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನಗಳಿಗೆ ನೆಲೆಯಾದವು. ಇಂತಹ ಸಂಸ್ಥೆಗಳು ವರ್ಷಕ್ಕೊಂದು ದಿನವನ್ನು ಬಂದಿರುವ ಹಿರಿಯರಿಗಾಗಿ ಮೀಸಲಿಟ್ಟು, ವಲಸೆ ಕಾನೂನು, ತೆರಿಗೆ, ವಿಮೆಗಳನ್ನು ಬಲ್ಲವರಿಂದ ಅವರಿಗೇ ನೇರವಾಗಿ, ಕನ್ನಡದಲ್ಲಿ ತಿಳಿಸಿಕೊಟ್ಟರೆ ಅದು ಸಮಾರಂಭಗಳಿಗೆ ಕಡಮೆಯಲ್ಲದ ಸೇವೆಯಾದೀತು. ಮತದ ಬಲವುಳ್ಳ ಅಮೆರಿಕದ ಕನ್ನಡಿಗರು, ಹೊಳೆಯ ಆಚೆ ನಡೆಯುತ್ತಿರುವ ವ್ಯವಸ್ಥೆ ಈಚೆಗೂ ಬರಲೆಂದು ತಮ್ಮ ಪ್ರತಿನಿಧಿಗಳನ್ನು ಕೇಳುವುದೂ ನ್ಯಾಯವೇ ಆಗಿದೆ. ಅಲ್ಲಿಯವರೆಗೆ, ಯಾವ ಅರ್ಜಿಗೂ ಸಹಿ ಮಾಡುವ ಮುನ್ನ, ಆರೋಗ್ಯವೂ ನೆನಪೂ ಗಟ್ಟಿಯಾಗಿರುವಾಗಲೇ ತಂದೆತಾಯಿಗಳ ಎದುರು ಕುಳಿತು, ಲಾಭನಷ್ಟಗಳೆರಡನ್ನೂ ಬಿಡಿಸಿ ಹೇಳಿ, ನಿಮ್ಮ ಇಚ್ಛೆಯೇನು ಎಂದು ಕೇಳುವುದು ಮಕ್ಕಳ ಮೊದಲ ಕರ್ತವ್ಯ. ಅವರು ಊರೆಂದರೆ ಊರು, ಅಮೆರಿಕವೆಂದರೆ ಅಮೆರಿಕ. ವೀಸಾದ ವರ್ಗವನ್ನು ಆರಿಸುವ ಕೆಲಸ ಆ ಉತ್ತರ ಬಂದ ಮೇಲಿನದು.