ಐವರ ಗುಂಡಿನಾಟಕ್ಕೆ ಹೊಸಬರಾದವರಿಗೆ

ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ‘ವ್ಯಾಲರೆಂಟ್’ ಎಂಬ ಆಟವನ್ನಾಡುವವರು ಇದ್ದಾರೆ. ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆಯವರು 2020ನೆಯ ಇಸವಿಯ ಜೂನ್ ತಿಂಗಳಲ್ಲಿ ಹೊರತಂದ ಆಟವಿದು. ಹೊರಗಿನಿಂದ ನೋಡುವ ಹಿರಿಯರಿಗೆ ಇದು ಬರಿಯ ಗುಂಡಿನ ಗದ್ದಲವೆಂದು ತೋರುವುದು ಸಹಜ. ಆದರೆ ಇದರಲ್ಲಿ ಹೊಸಬರು ಕೈ ನಿಧಾನವಾಗಿ ಸೋಲುವುದಕ್ಕಿಂತ ತಾಳ್ಮೆ ಸಾಲದೆ ಸೋಲುವುದೇ ಹೆಚ್ಚು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಲು ಯತ್ನಿಸುತ್ತೇವೆ.

ಪಕ್ಷವೊಂದಕ್ಕೆ ಐವರು. ದಾಳಿಯ ಪಕ್ಷದವರು ‘ಸ್ಪೈಕ್’ ಎಂಬ ಸ್ಫೋಟಕವನ್ನು ಗೊತ್ತಾದ ನೆಲೆಯಲ್ಲಿ ಹೂಡಬೇಕು. ಕಾವಲಿನವರು ಅದನ್ನು ತಡೆಯಬೇಕು. ಒಂದು ಸುತ್ತಿಗೆ 100 ಸೆಕೆಂಡು. ಹೂಡಿದ ಸ್ಪೈಕ್ 45 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ನಿಷ್ಫಲಗೊಳಿಸಲು 7 ಸೆಕೆಂಡು ಬೇಕು. 12 ಸುತ್ತುಗಳಾದ ಮೇಲೆ ಪಕ್ಷಗಳು ಪಾತ್ರವನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮೊದಲು 13 ಸುತ್ತು ಗೆದ್ದವರಿಗೆ ಜಯ. 12ಕ್ಕೆ 12 ಸಮವಾದರೆ ಆಟ ಇನ್ನೂ ಬೆಳೆಯುತ್ತದೆ.

ಹೊಸಬನ ಮೊದಲನೆಯ ತಪ್ಪು ಓಡುತ್ತ ಗುಂಡು ಹಾರಿಸುವುದು. ಓಡುವವನ ಗುಂಡು ಇಟ್ಟ ಗುರಿಗೆ ಹೋಗದೆ ಅತ್ತಿತ್ತ ಚೆದರುತ್ತದೆ. ನಿಂತು, ಒಂದೆರಡು ಗುಂಡು ಬಿಟ್ಟು, ಮತ್ತೆ ಸರಿಯತಕ್ಕದ್ದು. ನಡೆಯುವಾಗ ಗುರಿಚಿಹ್ನೆಯನ್ನು ನೆಲದತ್ತ ಇಳಿಬಿಡದೆ, ಎದುರಾಳಿಯ ತಲೆ ಕಾಣಿಸಿಕೊಳ್ಳಬಹುದಾದ ಎತ್ತರದಲ್ಲಿ, ಗೋಡೆಯ ಮೂಲೆಗೆ ಸನಿಹವಾಗಿ ಇರಿಸಿಕೊಳ್ಳಬೇಕು. ‘ವ್ಯಾಂಡಲ್’ ಬಂದೂಕಿನ ಒಂದೇ ಗುಂಡು ತಲೆಗೆ ತಗಲಿದರೆ, ಪೂರ್ಣ ಕವಚ ತೊಟ್ಟವನೂ ಎಷ್ಟು ದೂರದಲ್ಲಿದ್ದರೂ ಉಳಿಯಲಾರನು. ಆದುದರಿಂದ ಕೈಚುರುಕಿಗಿಂತ ಗುರಿ ಮೊದಲೇ ತಕ್ಕ ಜಾಗದಲ್ಲಿರುವುದು ದೊಡ್ಡದು. ಓಡುವ ಹೆಜ್ಜೆಯ ಸಪ್ಪಳ ಎದುರಾಳಿಗೆ ಕೇಳುತ್ತದೆ, ಮೆಲ್ಲನೆ ನಡೆದರೆ ಕೇಳದು. ಹೆಡ್‌ಫೋನ್ ಧರಿಸದೆ ಆಡುವವನು ಅರ್ಧ ಆಟವನ್ನು ಮೊದಲೇ ಬಿಟ್ಟುಕೊಟ್ಟಂತೆ.

ಇನ್ನು ಹಣದ ಲೆಕ್ಕ. ಇದು ಆಟದೊಳಗಿನ ಹಣ, ಮನೆಯದಲ್ಲ. ಮೊದಲ ಸುತ್ತಿಗೆ ಪ್ರತಿಯೊಬ್ಬನಿಗೂ 800 ಕ್ರೆಡಿಟ್ ದೊರೆಯುತ್ತದೆ. ಅದನ್ನೆಲ್ಲ ವೆಚ್ಚಮಾಡಿ ಸೋತರೆಂದು ಇಟ್ಟುಕೊಳ್ಳೋಣ. ಸೋತವರಿಗೆ ತಲಾ 1900 ಬರುತ್ತದೆ. ವ್ಯಾಂಡಲಿನ ಬೆಲೆ 2900, ಪೂರ್ಣ ಕವಚದ್ದು 1000, ಒಟ್ಟು 3900. ಕೈಯಲ್ಲಿರುವ 1900ಕ್ಕೆ ಅರ್ಧಂಬರ್ಧ ಆಯುಧ ಕೊಂಡರೆ ಆ ಸುತ್ತಿನ ಜತೆಗೆ ಅದರ ಮುಂದಿನದೂ ಕೈಬಿಡುವ ಸಂಭವವುಂಟು. ಹಾಗಲ್ಲದೆ, ಧರ್ಮಕ್ಕೆ ಸಿಗುವ ಪಿಸ್ತೂಲಿನಿಂದಲೇ ಆಡಿ ಸೋತರೂ 2400 ಸೇರಿ 4300 ಆಗುತ್ತದೆ. ಮೂರನೆಯ ಸುತ್ತಿಗೆ ಐವರೂ ಪೂರ್ಣ ಸಜ್ಜಾಗಿ ಇಳಿಯಬಹುದು. ಆದರೆ ಐವರೂ ಒಪ್ಪಿದರೆ ಮಾತ್ರ ಫಲಿಸುವ ಲೆಕ್ಕವಿದು. ನಾಲ್ವರು ಕೂಡಿಡುವಾಗ ಒಬ್ಬನು ಆಸೆಪಟ್ಟು ಬಂದೂಕು ಕೊಂಡರೆ, ಜಾತ್ರೆಗೆ ಹೊರಟವರಲ್ಲಿ ಒಬ್ಬನು ಬಸ್ಸಿನ ಹಣಕ್ಕೆ ಬತ್ತಾಸು ತಿಂದಂತಾಗುತ್ತದೆ. ಮರಳುವಾಗ ಉಳಿದವರು ಅವನಿಗೂ ಟಿಕೇಟು ಕೊಳ್ಳಬೇಕು.

ಮಾತು ಮಿತವಾಗಿರಲಿ. ‘ಬಂದರು, ಬಂದರು!’ ಎಂಬ ಕೂಗಿನಿಂದ ಯಾರಿಗೂ ಪ್ರಯೋಜನವಿಲ್ಲ. ಎಷ್ಟು ಮಂದಿ, ಎಲ್ಲಿ ಎಂಬೆರಡೇ ಸಾಕು. ಜತೆಗಾರರು ಮಲಯಾಳ, ತಮಿಳು, ಮರಾಠಿ, ಹಿಂದಿಯವರಾಗಿರಬಹುದು. ಗಡಿನಾಡಿನ ನಮ್ಮ ಮಕ್ಕಳಿಗೆ ಎರಡು ಮೂರು ಭಾಷೆ ಹೊಸತಲ್ಲವಷ್ಟೆ. ತಾನು ಬಿದ್ದ ಮೇಲೆ, ಇನ್ನೂ ಉಳಿದಿರುವವನಿಗೆ ಉಪದೇಶ ಮಾಡುತ್ತ ಕೂರಬಾರದು. ಅವನಿಗೆ ಹೆಜ್ಜೆಯ ಸಪ್ಪಳ ಕೇಳಬೇಕಾಗಿದೆ. ಬೈಗುಳಾಡುವ ಅಪರಿಚಿತನ ಧ್ವನಿಯನ್ನು ಅಡಗಿಸುವ ಸೌಕರ್ಯ ಆಟದಲ್ಲಿಯೇ ಇದೆ. ಅಂಥವರಿಗೆ ನಿಜನಾಮ, ಊರು, ಶಾಲೆ ಯಾವುದನ್ನೂ ತಿಳಿಸಕೂಡದು.

ಹೆತ್ತವರಲ್ಲಿ ಒಂದು ಬಿನ್ನಹ. ಪೂರ್ಣ ಪಂದ್ಯವೊಂದು ಮುಕ್ಕಾಲು ಗಂಟೆಯವರೆಗೂ ಹಿಡಿಯಬಹುದು; ಬೇಕೆಂದಾಗ ಎದ್ದುಹೋಗುವಂತಿಲ್ಲ. ಎದ್ದುಹೋದರೆ ನಾಲ್ವರು ಐವರನ್ನು ಎದುರಿಸಬೇಕಾಗುತ್ತದೆ, ಹೋದವನಿಗೆ ದಂಡನೆಯೂ ಉಂಟು. ಊಟಕ್ಕೆ ಕರೆದಾಗ ‘ಈಗ ಬಂದೆ’ ಎಂದು ಕುಳಿತೇ ಇರುವ ಮಗನ ಅಥವಾ ಮಗಳ ಹಟದಲ್ಲಿ ಇಷ್ಟು ನಿಜಾಂಶವಿದೆ. ಆದರೆ ಊಟದ ಹೊತ್ತು ತಿಳಿದಿದ್ದೂ ಪಂದ್ಯಕ್ಕೆ ಕುಳಿತುದು ಮಕ್ಕಳದೇ ತಪ್ಪು. ಆರಂಭಕ್ಕೆ ಮುಂಚೆ ಗಡಿಯಾರ ನೋಡಿ ಮನೆಯವರ ಒಪ್ಪಿಗೆ ಪಡೆಯುವುದು ಕಿರಿಯರ ಹೊಣೆ. ಒಪ್ಪಿಗೆಯಿತ್ತ ಮೇಲೆ ನಡುವೆ ತಂತಿ ಕೀಳದಿರುವುದು ಹಿರಿಯರದು. ಹೊತ್ತು ಕಡಿಮೆಯಿದ್ದರೆ, 5 ಸುತ್ತು ಗೆದ್ದೊಡನೆ ಮುಗಿಯುವ ‘ಸ್ವಿಫ್ಟ್‌ಪ್ಲೇ’ ಎಂಬ ಕಿರುಪಂದ್ಯವಿದೆ. ವಯಸ್ಸಿನ ವಿಷಯದಲ್ಲಿ ಅಮೆರಿಕದ ಶ್ರೇಣೀಕರಣ ಮಂಡಲಿಯವರು 13, ಯುರೋಪಿನವರು 16 ತುಂಬಿರಬೇಕೆನ್ನುತ್ತಾರೆ. ನಮಗೆ ಎರಡನೆಯದೇ ಒಳಿತೆಂದು ತೋರುತ್ತದೆ. ಬಂದೂಕುಗಳಿಗೆ ಬಣ್ಣಬಣ್ಣದ ಹೊದಿಕೆಗಳನ್ನು ನಿಜವಾದ ರೂಪಾಯಿಗೆ ಮಾರುವುದೂ ಉಂಟು. ಅವುಗಳಿಂದ ಗುಂಡಿನ ಬಲ ಎಳ್ಳಷ್ಟೂ ಹೆಚ್ಚುವುದಿಲ್ಲ.