ನಾಲ್ಕು ಗಾಲಿಗಳಿಂದಲೂ ಎಳೆಯುವ ಮೋಟಾರುಗಳು: ಕೈಗೇರಿಗೂ ಆಟೋಮ್ಯಾಟಿಕ್ಕಿಗೂ ಇರುವ ಭೇದ

ಮಲೆನಾಡಿನ ಮತ್ತು ಕೊಡಗಿನ ತೋಟಗಾರರಿಗೆ ನಾಲ್ಕು ಗಾಲಿಗಳಿಂದಲೂ ಎಳೆಯುವ ಮೋಟಾರು ಹೊಸದೇನೂ ಅಲ್ಲ. ಮಳೆಗಾಲದಲ್ಲಿ ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಕೆಸರಿನ ಏರನ್ನು ಹತ್ತಬೇಕಾದವರಿಗೆ ಜೀಪಿನ ಉಪಯೋಗವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಈಚೆಗೆ ಒಂದೇ ಗಾಡಿಯು ಕೈಯಿಂದ ಗೇರು ಬದಲಿಸುವ ಬಗೆಯಲ್ಲಿಯೂ ಆಟೋಮ್ಯಾಟಿಕ್ ಬಗೆಯಲ್ಲಿಯೂ ದೊರೆಯುತ್ತಿರುವುದರಿಂದ, ಗೇರು ಹಾಕುವ ಶ್ರಮ ತಪ್ಪುವುದೊಂದೇ ಇವುಗಳ ವ್ಯತ್ಯಾಸವೆಂದು ಅನೇಕರು ಭಾವಿಸುತ್ತಾರೆ. ಕೆಲವು ಗಾಡಿಗಳ ವಿಷಯದಲ್ಲಿ ಈ ಭಾವನೆಯು ಬಹುಮಟ್ಟಿಗೆ ಸರಿ. ಮತ್ತೆ ಕೆಲವುಗಳಲ್ಲಿ ಪೂರ್ತಿಯಾಗಿ ತಪ್ಪು. ಆ ತಪ್ಪಿಗೆ ತೆರಬೇಕಾದ ಬೆಲೆಯು ಒಂದು ಗೇರು ಪೆಟ್ಟಿಗೆಯಾದುದರಿಂದ, ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಎತ್ತಿನ ಗಾಡಿಯ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಾಗಿದ್ದರೂ ಯಾವ ತೊಂದರೆಯೂ ಆಗದು. ಎಳೆಯುವುದು ಎತ್ತು, ಗಾಲಿಯಲ್ಲ. ಮೋಟಾರಿನಲ್ಲಿಯಾದರೋ ಗಾಲಿಗಳನ್ನೇ ಎಂಜಿನ್ನು ತಿರುಗಿಸಬೇಕು. ಎರಡು ಗಾಲಿಗಳನ್ನು ಬಿಗಿಯಾಗಿ ಒಂದೇ ಅಚ್ಚಿಗೆ ಸೇರಿಸಿದರೆ ತಿರುವಿನಲ್ಲಿ ಒಂದು ಜಾರಲೇಬೇಕು. ಇದನ್ನು ತಪ್ಪಿಸುವುದಕ್ಕಾಗಿಯೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪನ್ನು ನಡುವೆ ಇಡುತ್ತಾರೆ. ಇದೇ ನ್ಯಾಯವು ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಅನ್ವಯಿಸುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುವುವು. ಆ ವ್ಯತ್ಯಾಸವನ್ನು ಎಲ್ಲಿ, ಯಾವ ಉಪಾಯದಿಂದ ನುಂಗಿಸುವುದು ಎಂಬಲ್ಲಿಯೇ ಬಗೆಬಗೆಯ ಗಾಡಿಗಳ ಭೇದವೆಲ್ಲ ಅಡಗಿದೆ.

ಹಳೆಯ ಉಪಾಯವೆಂದರೆ ನುಂಗಿಸದೆಯೇ ಇರುವುದು. 1941ರಲ್ಲಿ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನಲ್ಲಿ ಗೇರು ಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿತ್ತು. ಅದರ ಸನ್ನೆಯನ್ನು ಎಳೆದರೆ ಮುಂದಿನ ಅಚ್ಚು ಹಿಂದಿನದರೊಡನೆ ಬಿಗಿಯಾಗಿ ಸೇರಿಕೊಳ್ಳುವುದು. ಇನ್ನೊಂದು ಸನ್ನೆಯಿಂದ ವೇಗವು ಸುಮಾರು ಅರ್ಧಕ್ಕೆ ಇಳಿದು, ಎಳೆತವು ಸುಮಾರು ಎರಡು ಪಟ್ಟು ಏರುವುದು. ಕೆಸರಿನಲ್ಲಿ ಗಾಲಿಗಳು ಅಷ್ಟಿಷ್ಟು ಜಾರುವುದರಿಂದ ವ್ಯತ್ಯಾಸವು ಅಲ್ಲಿಯೇ ತೀರಿಹೋಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಹಾಗಾಗದೆ, ಅಚ್ಚುಗಳಲ್ಲಿ ತಿರುಚು ಸೇರಿ, ಹಲ್ಲುಗಳೂ ಟೈರುಗಳೂ ಸವೆಯುವುವು. ನಾಲ್ಕು ಗಾಲಿಗಳ ಎಳೆತವುಳ್ಳ ಟ್ರ್ಯಾಕ್ಟರುಗಳಲ್ಲಿಯೂ ಮುಂದಿನ ಎಳೆತವನ್ನು ರಸ್ತೆಯ ಮೇಲೆ ಬಿಡಿಸತಕ್ಕದ್ದೆಂದು ಹೇಳುವುದು ಇದಕ್ಕಾಗಿಯೇ. ಅವುಗಳಲ್ಲಿ ಮುಂದಿನ ಗಾಲಿಗಳು ಬೇಕೆಂದೇ ಸ್ವಲ್ಪ ಹೆಚ್ಚು ವೇಗದಿಂದ ತಿರುಗುವಂತೆ ಹಲ್ಲುಗಳನ್ನು ಹೊಂದಿಸಿರುವುದರಿಂದ ಅಪಾಯವು ಇನ್ನಷ್ಟು.

ಈ ಬಗೆಯ ಗಾಡಿಗಳಲ್ಲಿ ಗೇರು ಕೈಯದಾಗಲಿ ಆಟೋಮ್ಯಾಟಿಕ್ಕಾಗಲಿ, ನಾಲ್ಕು ಗಾಲಿಗಳ ಏರ್ಪಾಡು ಒಂದೇ. 2020ರಲ್ಲಿ ಹೊರಬಂದ ಮಹೀಂದ್ರಾ ಥಾರ್ ಗಾಡಿಯು ಎರಡು ಬಗೆಗಳಲ್ಲಿಯೂ ದೊರೆಯಿತು. ಎರಡರಲ್ಲಿಯೂ ಟ್ರಾನ್ಸ್‌ಫರ್ ಕೇಸಿಗೆ ಬೇರೆ ಸನ್ನೆಯಿದೆ. ಮುಂದಿರುವ ಪೆಟ್ಟಿಗೆಯು ಯಾವುದೆಂಬುದು ಹಿಂದಿರುವ ಪೆಟ್ಟಿಗೆಗೆ ಬೇಕಾಗಿಲ್ಲ.

ಯಾವಾಗಲೂ ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಹಂಚುವ ಕಾರುಗಳಲ್ಲಿ ಹೀಗಲ್ಲ. ಇದಕ್ಕೆ ಜಪಾನಿನ ಸುಬಾರು ಕಾರುಗಳಿಗಿಂತ ಉತ್ತಮ ನಿದರ್ಶನವಿಲ್ಲ. ನಮ್ಮ ರಸ್ತೆಗಳಲ್ಲಿ ಅವು ವಿರಳವಾದರೂ, ಒಂದೇ ಕಾರಿನ ಎರಡು ಬಗೆಗಳಲ್ಲಿ ಎರಡು ಬೇರೆ ಬೇರೆ ಉಪಾಯಗಳು ಅನೇಕ ವರ್ಷ ಜೊತೆಜೊತೆಯಾಗಿ ನಡೆದುಬಂದುದನ್ನು ಅವುಗಳಲ್ಲಿ ಕಾಣಬಹುದು. ಆ ಸಂಸ್ಥೆಯವರು 1972ರಲ್ಲಿ ಲಿಯೋನ್ ಎಂಬ ಕಾರಿಗೆ ನಾಲ್ಕು ಗಾಲಿಗಳ ಎಳೆತವನ್ನು ಮೊದಲು ಅಳವಡಿಸಿದಾಗ ಅದೂ ಸನ್ನೆಯಿಂದ ಸೇರಿಸುವ ಬಗೆಯದೇ ಆಗಿತ್ತು. ಮುಂದೆ ಬಂದ ಕಾರುಗಳಲ್ಲಿ ದಾರಿಯು ಎರಡಾಯಿತು.

ಕೈಗೇರಿನ ಕಾರುಗಳಲ್ಲಿ ಸಾಮಾನ್ಯವಾಗಿ ನಡುವೆ ಮೂರನೆಯ ಡಿಫರೆನ್ಷಿಯಲ್ ಒಂದನ್ನಿಟ್ಟು, ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಪಾಲು ಮಾಡಿದರು. ಆದರೆ ಡಿಫರೆನ್ಷಿಯಲ್ಲಿಗೆ ಒಂದು ದುರ್ಗುಣವುಂಟು: ಒಂದು ಕಡೆಯ ಗಾಲಿಗೆ ಹಿಡಿತ ತಪ್ಪಿದರೆ ಇನ್ನೊಂದು ಕಡೆಯ ಎಳೆತವೂ ಅಷ್ಟೇ ಕ್ಷೀಣವಾಗುವುದು. ಆದುದರಿಂದ ಅದರೊಡನೆ ಮುಚ್ಚಿದ ಡಬ್ಬಿಯೊಂದನ್ನು ಸೇರಿಸಿದರು. ಅದರೊಳಗೆ ಒಂದು ಬಿಟ್ಟು ಒಂದರಂತೆ ತೆಳು ತಟ್ಟೆಗಳೂ ಸಿಲಿಕೋನಿನ ಮಂದವಾದ ಎಣ್ಣೆಯೂ ಇರುವುವು. ಬೆಲ್ಲದ ಪಾಕವನ್ನು ಮೆಲ್ಲಗೆ ಕದಡಿದರೆ ಸೌಟು ಸುಲಭವಾಗಿ ಆಡುವುದು. ರಭಸದಿಂದ ಕದಡಿದರೆ ಕೈಯನ್ನು ಹಿಡಿದೆಳೆಯುವುದು. ಹಾಗೆಯೇ ತಿರುವಿನ ಅಲ್ಪ ವ್ಯತ್ಯಾಸಕ್ಕೆ ಈ ಎಣ್ಣೆಯು ಅಡ್ಡಬರದು. ಗಾಲಿಗಳು ಜಾರಿ ರಭಸವಾಗಿ ಸುತ್ತಿದೊಡನೆ ತಟ್ಟೆಗಳನ್ನು ಹಿಡಿದು ಎರಡು ಕಡೆಗಳನ್ನೂ ಸಮಕ್ಕೆ ತರುವುದು. ಇದಕ್ಕೆ ತಂತಿಯೂ ಬೇಡ, ಬುದ್ಧಿಯೂ ಬೇಡ. ಆದರೆ ಜಾರಿದ ಮೇಲೆಯೇ ಹೊರತು ಮುಂಚೆ ಅದು ಕೆಲಸ ಮಾಡಲಾರದು.

ಆಟೋಮ್ಯಾಟಿಕ್ ಗೇರು ಪೆಟ್ಟಿಗೆಯಲ್ಲಿ ಒತ್ತಡದ ಎಣ್ಣೆಯು ಮೊದಲೇ ಇದೆ. ಎಂಜಿನ್ನು ತಿರುಗಿಸುವ ಪಂಪೊಂದು ಅದನ್ನು ಒದಗಿಸುತ್ತಿರುತ್ತದೆ. ಇರುವ ಎಣ್ಣೆಯನ್ನು ಬಿಡುವುದೇಕೆಂದು, ಅದೇ ಪೆಟ್ಟಿಗೆಯ ಹಿಂಭಾಗದಲ್ಲಿ ಎಣ್ಣೆಯಲ್ಲಿ ಮುಳುಗಿರುವ ಅನೇಕ ತಟ್ಟೆಗಳ ಕ್ಲಚ್ಚನ್ನಿಟ್ಟರು. ಮುಂದಿನ ಗಾಲಿಗಳಿಗೆ ಶಕ್ತಿಯು ನೇರವಾಗಿ ಹೋಗುವುದು. ಹಿಂದಿನವುಗಳಿಗೆ ಈ ಕ್ಲಚ್ಚು ಎಷ್ಟು ಬಿಗಿದರೆ ಅಷ್ಟು. ಸಾಧಾರಣವಾಗಿ ಇದು ಮುಂದಕ್ಕೆ 60, ಹಿಂದಕ್ಕೆ 40ರ ಪ್ರಮಾಣ. ಬಿಗಿಯುವುದನ್ನು ವಿದ್ಯುತ್ತಿನ ನಿಯಂತ್ರಕವು ನಿರ್ಧರಿಸುವುದು. ಚಾಲಕನು ಆಕ್ಸಿಲರೇಟರನ್ನು ಎಷ್ಟು ತುಳಿದನು, ಗೇರು ಯಾವುದು ಎಂಬುದು ಅದಕ್ಕೆ ತಿಳಿಯುವುದರಿಂದ ಗಾಲಿಗಳು ಜಾರುವ ಮುಂಚೆಯೇ ಹಿಂದಕ್ಕೆ ಹೆಚ್ಚು ಶಕ್ತಿಯನ್ನು ಕಳುಹಿಸಬಲ್ಲದು. ಈ ಕಾರುಗಳ ಹಿಂದಿನ ಕಾಲದ ಕೆಲವು ಮಾದರಿಗಳಲ್ಲಿ ಎಂಜಿನ್ನಿನ ಬಳಿಯ ಒಂದು ಗುರುತಿನ ಸ್ಥಳದಲ್ಲಿ ಫ್ಯೂಸನ್ನು ಸಿಕ್ಕಿಸಿದರೆ ಕ್ಲಚ್ಚು ಸಡಿಲವಾಗಿ, ಕಾರು ಮುಂದಿನ ಗಾಲಿಗಳಿಂದ ಮಾತ್ರ ನಡೆಯುವುದು. ಚಿಕ್ಕ ಅಳತೆಯ ಬದಲಿ ಗಾಲಿಯನ್ನು ಹಾಕಿದಾಗ ಉಪಯೋಗಿಸಲೆಂದು ಈ ಏರ್ಪಾಡು. ಕೈಗೇರಿನ ಕಾರಿನಲ್ಲಿ ಇದಕ್ಕೆ ಅವಕಾಶವೇ ಇಲ್ಲ.

ಇನ್ನು ತೋಟದ ದಾರಿಯ ಮಾತು. ಕೆಸರಿನ ಏರಿನಲ್ಲಿ ಕೈಗೇರಿನವರು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ತಿಣುಕಿದರೆ ಒಣ ತಟ್ಟೆಯು ಸುಟ್ಟು ವಾಸನೆ ಬರುವುದು. ಆಟೋಮ್ಯಾಟಿಕ್ಕಿನ ಟಾರ್ಕ್ ಕನ್ವರ್ಟರು ಎಣ್ಣೆಯ ಮೂಲಕವೇ ಶಕ್ತಿಯನ್ನು ದಾಟಿಸುವುದರಿಂದ ಮೆಲ್ಲಗೆ ಹೊರಡುವುದು ಸುಲಭ. ಆದರೆ ಸಿಕ್ಕಿಬಿದ್ದು ಬಹಳ ಹೊತ್ತು ಗಾಲಿ ಸುತ್ತಿಸಿದರೆ ಎಣ್ಣೆಯು ಕಾದು ಕೆಡುವುದು. ಇಳಿಜಾರಿನಲ್ಲಿ ಕೈಗೇರಿನದೇ ಮೇಲು: ಮೊದಲನೆಯ ಗೇರಿನಲ್ಲಿಟ್ಟರೆ ಎಂಜಿನ್ನೇ ತಡೆಹಿಡಿಯುವುದು. ಆಟೋಮ್ಯಾಟಿಕ್ಕನ್ನು 'ಡಿ' ಸ್ಥಾನದಲ್ಲಿಯೇ ಬಿಟ್ಟರೆ ಅದು ತಾನಾಗಿ ಮೇಲಿನ ಗೇರಿಗೆ ಹೋಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳಬಹುದು. ಮೂಟೆ ಹೇರಿದ ಗಾಡಿಯು ತೇವದ ಇಳಿಜಾರಿನಲ್ಲಿ ಹಾಗೆ ಇಳಿಯುವುದು ಪ್ರಾಣಾಪಾಯದ ಸಂಗತಿ. ಕೆಳಗಿನ ಗೇರನ್ನು ಚಾಲಕನೇ ಆರಿಸತಕ್ಕದ್ದು.

ಬ್ಯಾಟರಿ ಸತ್ತರೆ ಕೈಗೇರಿನ ಗಾಡಿಯನ್ನು ನಾಲ್ಕು ಜನ ತಳ್ಳಿ ಚಾಲೂ ಮಾಡಬಹುದು. ಆಟೋಮ್ಯಾಟಿಕ್ಕನ್ನು ತಳ್ಳಿ ಪ್ರಯೋಜನವಿಲ್ಲ. ಕೆಟ್ಟು ನಿಂತ ಆಟೋಮ್ಯಾಟಿಕ್ಕನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ದೂರ ಎಳೆಯುವುದಂತೂ ಕೂಡದು. ಎಂಜಿನ್ನು ನಿಂತಾಗ ಪಂಪೂ ನಿಲ್ಲುವುದರಿಂದ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಹೋಗುವುವು. ಒಂದು ಜೋಡಿಯನ್ನು ಮಾತ್ರ ಎತ್ತಿ ಎಳೆದರೂ ಅಪಾಯವೇ; ನಾಲ್ಕು ಗಾಲಿಗಳನ್ನೂ ನೆಲದಿಂದ ಎತ್ತಿ ಸಾಗಿಸಬೇಕು. ಟ್ರಾನ್ಸ್‌ಫರ್ ಕೇಸಿನಲ್ಲಿ ನ್ಯೂಟ್ರಲ್ ಸ್ಥಾನವುಳ್ಳ ಗಾಡಿಗಳ ಕ್ರಮವು ಬೇರೆ. ಅದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಟೈರಿನ ವಿಷಯದಲ್ಲಿ ಜಿಪುಣತನವು ಎರಡು ಬಗೆಗಳಿಗೂ ಹಾನಿಕರ. ಸುಬಾರು ಕಾರುಗಳಲ್ಲಿ ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ಅಂತರವಿರಬಾರದೆಂದು ಹೇಳುವರು. ಸವೆದ ಮೂರರ ಜೊತೆಗೆ ಹೊಸದೊಂದನ್ನು ಹಾಕಿದರೆ ನೇರ ರಸ್ತೆಯಲ್ಲಿಯೂ ಕಾರು ಸದಾ ತಿರುವಿನಲ್ಲಿರುವಂತೆಯೇ ಆಗಿ, ಎಣ್ಣೆಯ ಡಬ್ಬಿಯಾಗಲಿ ಕ್ಲಚ್ಚಾಗಲಿ ಬಿಡುವಿಲ್ಲದೆ ಕಾಯುವುದು.

ಯಾವಾಗಲೂ ನಾಲ್ಕು ಗಾಲಿಗಳಿಂದ ನಡೆಯುವ ಹಳೆಯ ಕಾರನ್ನು ಕೊಳ್ಳುವವರು ಹಣ ಕೊಡುವ ಮುಂಚೆ ಅದನ್ನು ಹತ್ತು ಹದಿನೈದು ಮೈಲಿ ಓಡಿಸಿ, ಎಂಜಿನ್ನೂ ಗೇರು ಪೆಟ್ಟಿಗೆಯೂ ಚೆನ್ನಾಗಿ ಕಾದ ಮೇಲೆ, ಒಣಗಿದ ಗಟ್ಟಿ ನೆಲದ ಬಯಲಿನಲ್ಲಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಮೆಲ್ಲಗೆ ಒಂದೆರಡು ಸುತ್ತು ಹಾಕಿಸಬೇಕು. ಕಾರು ಸರಾಗವಾಗಿ ಸುತ್ತದೆ, ಯಾರೋ ಬ್ರೇಕು ಹಿಡಿದಂತೆ ತಡೆದು ತಡೆದು ಕುಪ್ಪಳಿಸಿದರೆ, ನಡುವಿನ ಡಬ್ಬಿಯೋ ಕ್ಲಚ್ಚೋ ಬಿಗಿದುಕೊಂಡಿದೆಯೆಂದು ತಿಳಿದು, ಆ ರಿಪೇರಿಯ ವೆಚ್ಚವನ್ನು ಬೆಲೆಯಲ್ಲಿ ಕಳೆದು ಮಾತನಾಡತಕ್ಕದ್ದು.