ಶಾಲೆಯ ವಾರದ ಸುದ್ದಿ ಮತ್ತು ಒಂಬತ್ತನೇ ತರಗತಿಯ ಆ ಒಂದು ಸಾಲು



ಸೌದಿಯ ಭಾರತೀಯ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೆಲ್ಲ ಶಾಲೆಯಿಂದ ಸುತ್ತೋಲೆಗಳು ಬರುತ್ತಲೇ ಇರುತ್ತವೆ. ಯಾವ ಟೀಚರ್ ಹೊಸದಾಗಿ ಬಂದರು, ಯಾರು ಊರಿಗೆ ಹೊರಟರು, ಮುಂದಿನ ವಾರ ಏನೇನಿದೆ ಎಂಬ ವಿವರಗಳು. ಫೀಸ್ ಕಟ್ಟುವ ಕೊನೆಯ ದಿನ ನೋಡಿ ಮಿಕ್ಕದ್ದನ್ನು ಬದಿಗಿಡುವುದು ನಮ್ಮಲ್ಲಿ ಹಲವರ ಅಭ್ಯಾಸ. ಆ ಮಿಕ್ಕದ್ದರಲ್ಲಿ ಏನಿರುತ್ತದೆ ಎಂದು ಇಲ್ಲಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಜೆದ್ದಾ (1969), ರಿಯಾದ್ ಮತ್ತು ದಮ್ಮಾಮ್ (1982), ಜುಬೈಲ್ (1987) ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲ್‌ಗಳಲ್ಲಿ ನಡೆಯುವುದು ಸಿ.ಬಿ.ಎಸ್.ಇ. ಪಠ್ಯಕ್ರಮ. ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. 2013ರ ಜೂನ್‌ವರೆಗೆ ವಾರದ ರಜೆ ಗುರುವಾರ-ಶುಕ್ರವಾರ ಇತ್ತು, ಆಮೇಲೆ ಶುಕ್ರವಾರ-ಶನಿವಾರ ಆಯಿತು. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುವುದರಿಂದ ಶಾಲೆಯ ಕ್ಯಾಲೆಂಡರ್ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. 2025ರಲ್ಲಿ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯ ನಡುವೆಯೇ, ಮಾರ್ಚ್ 1ಕ್ಕೆ, ಉಪವಾಸ ಆರಂಭವಾಯಿತು.

ಮೊದಲು ಶಿಕ್ಷಕರ ಸುದ್ದಿ. ನಮ್ಮ ಶಾಲೆಗಳಲ್ಲಿ ಪಾಠ ಮಾಡುವ ಮಹಿಳೆಯರಲ್ಲಿ ಅನೇಕರು ಗಂಡನ ಇಕಾಮಾದ ಮೇಲೆ ಇಲ್ಲಿರುವವರು. ಗಂಡನಿಗೆ ಫೈನಲ್ ಎಕ್ಸಿಟ್ ಆದರೆ ಹೆಂಡತಿಯ ತರಗತಿಯೂ ಅಲ್ಲಿಗೆ ಮುಗಿಯಿತು, ಅದು ಅಕ್ಟೋಬರ್ ಆಗಿರಲಿ ಜನವರಿ ಆಗಿರಲಿ. 2017ರ ಜುಲೈನಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, 2020ಕ್ಕೆ ಅದು 400 ಆಯಿತು. ಎಷ್ಟೋ ಕುಟುಂಬಗಳು ಆಗ ಊರು ಸೇರಿದವು, ಜೊತೆಗೆ ಟೀಚರುಗಳೂ ಹೋದರು. ಹಾಗಾಗಿ ಗಣಿತದ ಟೀಚರ್‌ಗೆ ಬೀಳ್ಕೊಡುಗೆ ಎಂಬ ಸಾಲು ಕಂಡರೆ, ಪಾಠ ಎಲ್ಲಿಗೆ ನಿಂತಿದೆ ಎಂದು ಮಗುವಿನ ನೋಟ್‌ಬುಕ್ ತೆಗೆದು ನೋಡುವುದು ಒಳ್ಳೆಯದು.

ಇನ್ನು ಮುಂದಿನ ಕಾರ್ಯಕ್ರಮಗಳ ಪಟ್ಟಿ. ಕ್ರೀಡಾಕೂಟ, ವಿಜ್ಞಾನ ಪ್ರದರ್ಶನಗಳ ಸುದ್ದಿಯನ್ನು ಮಕ್ಕಳೇ ಹೇಳುತ್ತಾರೆ. ಅವರು ಹೇಳದ ಒಂದು ಸಾಲಿದೆ: ‘ಒಂಬತ್ತನೇ ತರಗತಿ ನೋಂದಣಿ, ವಿವರ ಪರಿಶೀಲಿಸಿ ಸಹಿ ಮಾಡಿ.’ ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ.

ಹತ್ತನೇ ತರಗತಿಯ ಪರೀಕ್ಷೆಗೆ ಮಂಡಳಿ ಹೆಸರು ಬರೆದುಕೊಳ್ಳುವುದು ಒಂಬತ್ತರಲ್ಲಿಯೇ. ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನ ಹೇಗೆ ದಾಖಲಾಗುತ್ತವೋ ಹತ್ತನೇ ತರಗತಿಯ ಸರ್ಟಿಫಿಕೇಟಿನಲ್ಲಿ ಹಾಗೆಯೇ ಅಚ್ಚಾಗುತ್ತವೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಮುಂದಿನ ಎಲ್ಲ ಟೇಬಲ್‌ಗಳೂ ಈ ಒಂದು ರೆಕಾರ್ಡನ್ನೇ ನೋಡುತ್ತವೆ. ಕನ್ನಡಿಗರಿಗೆ ಇಲ್ಲಿ ತೊಡಕು ಹೆಚ್ಚು, ಏಕೆಂದರೆ ನಮ್ಮದು ಇನಿಷಿಯಲ್ ಪದ್ಧತಿ. ಜನನ ಪತ್ರದಲ್ಲಿ ‘ಅನನ್ಯ ಕೆ. ಆರ್.’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಬಿಡಿಸಿಕೊಂಡು ಮೂರು ಪದ, ಇಕಾಮಾದಲ್ಲಿ ಅರಬ್ಬಿಗೆ ಹೋಗಿ ಬಂದ ಇನ್ನೊಂದು ರೂಪ. ಕರಾವಳಿಯ ನಮ್ಮ ಮುಸ್ಲಿಂ ಕುಟುಂಬಗಳಲ್ಲಿ ಮೊಹಮ್ಮದ್ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲಿಂಗ್. ಸಹಿ ಮಾಡುವ ಮೊದಲು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಫಲಿತಾಂಶ ಬಂದ ಮೇಲೆ ತಿದ್ದಿಸಲು ಹೊರಟರೆ ಅರ್ಜಿ, ದಾಖಲೆ ಎಂದು ತಿಂಗಳುಗಟ್ಟಲೆ ಅಲೆದಾಟ. ಕಾಲೇಜು ಸೀಟಿಗೆ ಆಗ ಸಮಯವಿರುವುದಿಲ್ಲ.

ಇದೇ ಸಾಲಿಗೆ ಇನ್ನೊಂದು ಅರ್ಥವೂ ಇದೆ. ಒಂಬತ್ತರಲ್ಲಿ ನೋಂದಣಿಯಾದ ಮೇಲೆ ಹತ್ತಕ್ಕೆ ಬೇರೆ ಸಿ.ಬಿ.ಎಸ್.ಇ. ಶಾಲೆಗೆ ಸೇರುವುದು ಸುಲಭವಲ್ಲ. ಪೋಷಕರು ಊರು ಬದಲಿಸಿದ್ದಕ್ಕೆ ದಾಖಲೆ ಕೊಟ್ಟು ಮಂಡಳಿಯ ಒಪ್ಪಿಗೆ ಪಡೆಯಬೇಕು. ಹನ್ನೊಂದು-ಹನ್ನೆರಡಕ್ಕೂ ಹಾಗೆಯೇ. ‘ಇನ್ನೊಂದು ವರ್ಷ ನೋಡೋಣ’ ಎನ್ನುತ್ತಾ ಇರುವವರು ಊರಿಗೆ ಮರಳುವ ತೀರ್ಮಾನವನ್ನು ಮಗು ಎಂಟರಲ್ಲಿದ್ದಾಗಲೇ ಮಾಡಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೋಗುವುದಾದರೆ ಮಾರ್ಚ್ ಮುಗಿಯುತ್ತಲೇ ಟಿ.ಸಿ. ತೆಗೆದುಕೊಳ್ಳಿ. ಇಲ್ಲಿಯ ಬೇಸಿಗೆ ರಜೆಗೆ ಕಾದರೆ ಅಷ್ಟರಲ್ಲಿ ಕರ್ನಾಟಕದಲ್ಲಿ ಜೂನ್ ತರಗತಿಗಳು ಶುರುವಾಗಿರುತ್ತವೆ.

ಭಾಷೆಯ ಆಯ್ಕೆಯೂ ಆ ಹಾಳೆಯಲ್ಲಿಯೇ ಇರುತ್ತದೆ. ಸಿ.ಬಿ.ಎಸ್.ಇ. ಹತ್ತನೇ ತರಗತಿಯ ಪಟ್ಟಿಯಲ್ಲಿ ಕನ್ನಡ ಇದೆ, ಅದರ ಸಂಖ್ಯೆ 015. ಕಲಿಸುವುದು ಬಿಡುವುದು ಆಯಾ ಶಾಲೆಗೆ ಬಿಟ್ಟದ್ದು. ನಿಮ್ಮ ಶಾಲೆಯಲ್ಲಿ ಏನೆಂದು ಆರನೇ ತರಗತಿಗೆ ಮುಂಚೆಯೇ ಆಫೀಸಿನಲ್ಲಿ ಕೇಳಿ. ಒಂಬತ್ತರಲ್ಲಿ ಕೇಳಿದರೆ ತಡವಾಗಿರುತ್ತದೆ.